ಲೇತ್‌ಗೆ ಮನೆಯಲ್ಲೇ ಡ್ರಮ್ ಸ್ಯಾಂಡರ್: ಹಲಗೆಯನ್ನು ಯಾವ ಕಡೆಯಿಂದ ಕೊಡಬೇಕು?

ಕಡಗೋಲು:
ಎಲ್ಲರಿಗೂ ನಮಸ್ಕಾರ. ಸಣ್ಣ ಪೆಟ್ಟಿಗೆಗಳನ್ನು ಮಾಡುವುದು ನನ್ನ ಹವ್ಯಾಸ. ಅವಕ್ಕೆ 3 ಮಿ.ಮೀ. ದಪ್ಪದ ಹಲಗೆ ಬೇಕು, ಅಗಲ ಒಂದು ಗೇಣಿನ ಆಸುಪಾಸು. ಗರಗಸದಲ್ಲಿ ಸೀಳುವುದು ಕಷ್ಟವಲ್ಲ, ಸೀಳಿದ ಮೇಲೆ ಎರಡೂ ಮುಖ ಸಮ ಮಾಡುವುದೇ ಕಷ್ಟ. ಎಳೆ ಸುತ್ತಿಕೊಂಡ ಮರಕ್ಕೆ ಉಜ್ಜುಗೊರಡು ಹಿಡಿದರೆ ಚಕ್ಕೆ ಕಿತ್ತು ಬರುತ್ತದೆ. ಅಷ್ಟು ತೆಳ್ಳಗಿನದನ್ನು ಪ್ಲೇನರ್ ಯಂತ್ರಕ್ಕೆ ಕೊಟ್ಟರೆ ಚೂರಾಗುತ್ತದೆ. ಡ್ರಮ್ ಸ್ಯಾಂಡರ್ (ಸ್ಯಾಂಡ್ ಪೇಪರ್ ಸುತ್ತಿದ ಉರುಳೆ ತಿರುಗುತ್ತ ಹಲಗೆಯನ್ನು ಉಜ್ಜಿ ಸಮ ಮಾಡುವ ಯಂತ್ರ) ಒಂದಿದ್ದರೆ ಸಾಕಿತ್ತು, ಆದರೆ ಅದಕ್ಕೆಂದೇ ಇನ್ನೊಂದು ಯಂತ್ರ ಇಡಲು ನನಗೆ ಜಾಗವಿಲ್ಲ.

ಮರದ ಲೇತ್ (ಮರವನ್ನು ತಿರುಗಿಸುತ್ತ ಉಳಿಯಿಂದ ದುಂಡಗೆ ಕಡೆಯುವ ಯಂತ್ರ) ಇದೆ. ಬೆಡ್‌ನಿಂದ (ಅಡಿಯ ಹಳಿಯಿಂದ) ಸೆಂಟರ್‌ವರೆಗೆ (ಕೆಲಸವನ್ನು ತುದಿಯಲ್ಲಿ ಹಿಡಿಯುವ ಮೊನೆಯವರೆಗೆ) 150 ಮಿ.ಮೀ. ಎತ್ತರ, ಎರಡು ಸೆಂಟರ್‌ಗಳ ನಡುವೆ 500 ಮಿ.ಮೀ., ಅರ್ಧ ಎಚ್‌ಪಿ ಮೋಟಾರು, ಬೆಲ್ಟ್ ಬದಲಿಸಿ ವೇಗ ಬದಲಿಸುವ ಐದು ಮೆಟ್ಟಿಲಿನ ಪುಲ್ಲಿ. ತಿರುಗಿಸುವ ಕೆಲಸಕ್ಕೆ ಯಂತ್ರ ಆಗಲೇ ಇರುವಾಗ ಅದರ ನಡುವೆ 100 ಮಿ.ಮೀ. ವ್ಯಾಸದ, 300 ಮಿ.ಮೀ. ಉದ್ದದ ಡ್ರಮ್ ಕೂರಿಸಿ, ಕೆಳಗೆ ಏರಿಳಿಯುವ ಮೇಜು ಕಟ್ಟಿದರೆ ಮುಗಿಯಿತಲ್ಲ ಎಂದುಕೊಂಡಿದ್ದೇನೆ. ಮೇಜಿನ ಒಂದು ಅಂಚಿಗೆ ಹಿಂಜ್, ಇನ್ನೊಂದು ಅಂಚಿನಡಿ ಬೋಲ್ಟ್. ಬೋಲ್ಟ್ ತಿರುಗಿಸಿದಂತೆ ಮೇಜು ಏರಬೇಕು.

ಕೇಳಬೇಕಾದದ್ದು ಇಷ್ಟು. ಡ್ರಮ್ಮನ್ನು ಯಾವುದರಲ್ಲಿ ಮಾಡಲಿ? ಸ್ಯಾಂಡ್ ಪೇಪರನ್ನು ಹೇಗೆ ಸುತ್ತಲಿ? ವೇಗ ಎಷ್ಟಿರಲಿ? ಹಿಂಜ್ ಇರುವುದರಿಂದ ಮೇಜು ಓರೆಯಾಗುತ್ತದೆ, ಅದರಿಂದ ಹಲಗೆಯೂ ಓರೆಯಾಗಿ ಸವೆಯುವುದಿಲ್ಲವೇ? ನಾನು ಲೇತ್‌ನ ಮುಂದೆ ನಿಂತು ಹಲಗೆಯನ್ನು ಡ್ರಮ್ಮಿನಡಿ ತಳ್ಳುತ್ತೇನೆ, ಅದು ಹಿಂದಿನಿಂದ ಹೊರಬರುತ್ತದೆ ಎಂಬ ಲೆಕ್ಕದಲ್ಲಿ ಮೇಜಿನ ಚಿತ್ರ ಬರೆದಿದ್ದೇನೆ.

ಹೊಸ ಕೈ:
ನನಗೂ ಇದು ಬೇಕಾಗಿದೆ, ಹಾಗಾಗಿ ಜೊತೆಗೂಡುತ್ತೇನೆ. ದಪ್ಪ ಪಿವಿಸಿ ಪೈಪ್ ತೆಗೆದುಕೊಂಡು ಎರಡು ತುದಿಗೂ ಪ್ಲೈವುಡ್ ಬಿಲ್ಲೆ ಕೂರಿಸಿದರೆ ಡ್ರಮ್ ಆಗುವುದಿಲ್ಲವೇ? ತಿರುಗಿಸುವ ಕೆಲಸವೇ ಇರುವುದಿಲ್ಲ.

ಹಳೆಯ ಉಳಿ:
ಪೈಪ್ ನೋಡಲು ದುಂಡಗೆ ಕಾಣುತ್ತದೆ, ಅಳೆದರೆ ದುಂಡಗಿರುವುದಿಲ್ಲ. ಗೋಡೆಯ ದಪ್ಪವೂ ಸುತ್ತಲೂ ಒಂದೇ ಇರುವುದಿಲ್ಲ, ನಡುವೆ ಆಧಾರವಿಲ್ಲದೆ ಒತ್ತಡಕ್ಕೆ ಬಾಗುತ್ತದೆ. ಪೈಪನ್ನೇ ಬಳಸುವುದಾದರೆ ಒಳಗೆ ಐದಾರು ಕಡೆ ಬಿಲ್ಲೆ ಕೊಟ್ಟು, ಹೊರಮೈಯನ್ನು ಮತ್ತೆ ಲೇತ್‌ನಲ್ಲೇ ತಿರುಗಿಸಿ ಸಮ ಮಾಡಬೇಕು. ಅಷ್ಟು ಮಾಡುವವರು ಮರದಲ್ಲೇ ಮಾಡಬಹುದು.

ಇಡಿಯಾದ ಮರದ ದಿಮ್ಮಿ ಬೇಡ. ಮರ ಒಣಗುವಾಗ ಬೆಳವಣಿಗೆಯ ಉಂಗುರದ ದಿಕ್ಕಿನಲ್ಲಿ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಇಂದು ದುಂಡಗೆ ತಿರುಗಿಸಿದ್ದು ಹವೆ ಬದಲಾದರೆ ಮೊಟ್ಟೆಯಾಕಾರಕ್ಕೆ ಹೋಗುತ್ತದೆ. ನಾನು ಮೊದಲು ಮಾಡಿದ ಡ್ರಮ್ ಹಾಗೇ ಕೆಟ್ಟಿತು. ಎರಡನೆಯದನ್ನು 18 ಮಿ.ಮೀ. ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ) ಬಿಲ್ಲೆಗಳಲ್ಲಿ ಮಾಡಿದೆ, ಒಂಬತ್ತು ವರ್ಷದಿಂದ ಅದೇ ಓಡುತ್ತಿದೆ. ನಿಮ್ಮ 300 ಮಿ.ಮೀ.ಗೆ 17 ಬಿಲ್ಲೆ ಬೇಕು. 105 ಮಿ.ಮೀ. ವ್ಯಾಸಕ್ಕೆ ಕತ್ತರಿಸಿ, ನಡುವೆ 20 ಮಿ.ಮೀ. ತೂತು. 20 ಮಿ.ಮೀ. ಉಕ್ಕಿನ ಸರಳಿಗೆ ಒಂದೊಂದಾಗಿ ಬಿಳಿ ಅಂಟು ಹಚ್ಚಿ ಪೋಣಿಸಿ, ಕ್ಲ್ಯಾಂಪ್ ಬಿಗಿದು ಒಂದು ರಾತ್ರಿ ಬಿಡಿ. ಬಿಳಿ ಅಂಟು ಬಿಲ್ಲೆಯನ್ನು ಬಿಲ್ಲೆಗೆ ಹಿಡಿಯುತ್ತದೆಯೇ ಹೊರತು ಉಕ್ಕನ್ನು ಹಿಡಿಯುವುದಿಲ್ಲ. ಅದಕ್ಕೇ ಎರಡೂ ತುದಿಯ ಬಿಲ್ಲೆಗಳಲ್ಲಿ ಸರಳಿನ ಮೂಲಕ ಅಡ್ಡಲಾಗಿ 5 ಮಿ.ಮೀ. ತೂತು ಕೊರೆದು ಪಿನ್ ಹೊಡೆಯಿರಿ. ಇಲ್ಲವಾದರೆ ಒಂದು ದಿನ ಸರಳು ತಿರುಗುತ್ತಿರುತ್ತದೆ, ಡ್ರಮ್ ನಿಂತಿರುತ್ತದೆ.

ಆಮೇಲೆ ಅದೇ ಲೇತ್‌ನಲ್ಲಿ, ಯಾವ ಸೆಂಟರ್‌ಗಳಲ್ಲಿ ಅದು ಮುಂದೆ ಓಡಬೇಕೋ ಅವೇ ಸೆಂಟರ್‌ಗಳಲ್ಲಿ, 100ಕ್ಕೆ ತಿರುಗಿಸಿ. ಬೇರೆ ಯಂತ್ರದಲ್ಲಿ ದುಂಡಗೆ ಮಾಡಿ ತಂದ ಡ್ರಮ್ ಇಲ್ಲಿ ತೊನೆಯುತ್ತದೆ. ಇಲ್ಲೇ ತಿರುಗಿಸಿದ್ದು ಇಲ್ಲಿ ತೊನೆಯುವುದಿಲ್ಲ.

ಮೂರು ದವಡೆ:
ಉಳಿ ಸರ್ ಹೇಳಿದ ಕೊನೆಯ ಮಾತಿಗೆ ಲೋಹದ ಲೇತ್ ಕಡೆಯಿಂದ ಒಂದು ಸೇರಿಕೆ. ಸರಳಿನ ಒಂದು ತುದಿಯನ್ನು ಮೂರು ದವಡೆಯ ಚಕ್‌ನಲ್ಲಿ ಹಿಡಿದು ತಿರುಗಿಸಿದರೆ, ಬಿಚ್ಚಿ ಮತ್ತೆ ಹಾಕಿದಾಗ ಅದೇ ಜಾಗಕ್ಕೆ ಕೂರುವುದಿಲ್ಲ. ಒಳ್ಳೆಯ ಚಕ್‌ನಲ್ಲೂ 0.05ರಿಂದ 0.1 ಮಿ.ಮೀ. ಆಚೀಚೆ ಆಗುತ್ತದೆ. ಎರಡೂ ತುದಿಗೆ 60 ಡಿಗ್ರಿಯ ಸೆಂಟರ್ ಡ್ರಿಲ್ ಹಾಕಿ, ಸೆಂಟರ್‌ಗಳ ನಡುವೆಯೇ ಓಡಿಸಿ. ನೂರು ಸಲ ತೆಗೆದು ಹಾಕಿದರೂ ಅಕ್ಷ ಬದಲಾಗುವುದಿಲ್ಲ. ಎಳೆಯಲು ಫೇಸ್‌ಪ್ಲೇಟ್‌ಗೆ (ತಿರುಗುವ ಸ್ಪಿಂಡಲ್‌ನ ತುದಿಗೆ ಕೂರುವ ತಟ್ಟೆಗೆ) ಒಂದು ಪಿನ್ ಕೂರಿಸಿ, ಡ್ರಮ್ಮಿನ ತುದಿಯ ಬಿಲ್ಲೆಯಲ್ಲಿ ಅದು ಹೋಗುವಂತೆ ತೂತು ಮಾಡಿ. ಪಿನ್ ಬರೀ ತಿರುಗಿಸುತ್ತದೆ, ಅಕ್ಷವನ್ನು ಸೆಂಟರ್ ನೋಡಿಕೊಳ್ಳುತ್ತದೆ.

ಇನ್ನೊಂದು ಎಚ್ಚರಿಕೆ. ಮೋರ್ಸ್ ಟೇಪರ್ ಬಾಲವಿರುವ (ತುದಿಗೆ ಸಣ್ಣದಾಗುತ್ತ ಹೋಗುವ, ಬರೀ ಬಿಗಿತದಿಂದ ನಿಲ್ಲುವ ಬಾಲ) ಡ್ರಿಲ್ ಚಕ್ಕನ್ನು ಹೆಡ್‌ಸ್ಟಾಕ್‌ಗೆ (ಮೋಟಾರು ತಿರುಗಿಸುವ ತುದಿಗೆ) ತುರುಕಿ, ಅದರಲ್ಲಿ ಸಣ್ಣ ಸ್ಯಾಂಡಿಂಗ್ ಡ್ರಮ್ ಹಿಡಿದು, ಟೇಲ್‌ಸ್ಟಾಕ್‌ನ (ಎದುರು ತುದಿಯ) ಆಧಾರವಿಲ್ಲದೆ ಪಕ್ಕದಿಂದ ಒತ್ತುವವರಿದ್ದಾರೆ. ಆ ಟೇಪರ್ ನಿಲ್ಲುವುದು ಉದ್ದಕ್ಕೆ ಒತ್ತಡವಿದ್ದಾಗ. ಪಕ್ಕದ ಒತ್ತಡವೂ ಕಂಪನವೂ ಸೇರಿದರೆ ಸಡಿಲವಾಗಿ, ತಿರುಗುತ್ತಿರುವಾಗಲೇ ಹೊರಗೆ ಬರುತ್ತದೆ. ಒಂದೋ ಸ್ಪಿಂಡಲ್‌ನ ಹಿಂದಿನಿಂದ ಉದ್ದನೆಯ ಬೋಲ್ಟ್ ಹಾಕಿ ಎಳೆದು ಬಿಗಿಯಬೇಕು, ಇಲ್ಲವೇ ಟೇಲ್‌ಸ್ಟಾಕ್ ಸೆಂಟರ್ ತಂದು ಒತ್ತಬೇಕು.

ಗೊರಡು:
ಕಡಗೋಲು ಅವರೇ, ಮೇಜು ಕಟ್ಟುವ ಮೊದಲು ದಯವಿಟ್ಟು ಇದನ್ನು ಓದಿ. ನಿಮ್ಮ ಪ್ರಶ್ನೆಯ ಕೊನೆಯ ಸಾಲು ನೋಡಿ ನನಗೆ ಎದೆ ಧಸಕ್ಕೆಂದಿತು. ನಾನು ಮಾಡಿದ್ದು ಅದನ್ನೇ.

ಲೇತ್‌ನಲ್ಲಿ ಮರದ ಮೇಲ್ಭಾಗ ನಮ್ಮ ಕಡೆಗೆ ತಿರುಗಿ ಬರುತ್ತದೆ. ಉಳಿ ಹಿಡಿದು ಅಭ್ಯಾಸವಾದ ಎಲ್ಲರಿಗೂ ಅದು ಗೊತ್ತು. ಮೇಲ್ಭಾಗ ನಮ್ಮ ಕಡೆಗೆ ಬಂದರೆ ತಳಭಾಗ ನಮ್ಮಿಂದ ಆಚೆಗೆ ಹೋಗುತ್ತದೆ. ಇದನ್ನು ನಾನು ಯೋಚಿಸಿರಲಿಲ್ಲ. ಮುಂದೆ ನಿಂತು ಹಲಗೆಯನ್ನು ಡ್ರಮ್ಮಿನಡಿ ತಳ್ಳಿದಾಗ, ಡ್ರಮ್ ಹಲಗೆಯನ್ನು ತಡೆಯಲಿಲ್ಲ, ನುಂಗಿತು. ಕೈಯಿಂದ ಜಾರಿ ಹಿಂದಿನ ಗೋಡೆಗೆ ಹೊಡೆದು ಎರಡು ಹೋಳಾಯಿತು. ಹಲಗೆ ಹೋದ ರಭಸಕ್ಕೆ ನನ್ನ ಬಲಗೈ ಮುಂದಕ್ಕೆ ಜಾರಿ ಬೆರಳುಗಳ ಬೆನ್ನು ಡ್ರಮ್ಮಿಗೆ ತಾಗಿತು. ಎಂಬತ್ತರ ಪೇಪರ್ ಇತ್ತು (ಸಂಖ್ಯೆ ಕಡಿಮೆಯಾದಷ್ಟೂ ಒರಟು). ಚರ್ಮ ಬರಲು ಒಂದೂವರೆ ತಿಂಗಳು ಹಿಡಿಯಿತು, ತೋರುಬೆರಳಿನ ಗೆಣ್ಣು ಇನ್ನೂ ಪೂರ್ತಿ ಮಡಚುವುದಿಲ್ಲ.

ಡ್ರಮ್ಮಿನ ಮೈ ಯಾವ ಕಡೆಗೆ ಓಡುತ್ತದೋ ಅದಕ್ಕೆ ಎದುರಾಗಿ ಹಲಗೆ ಕೊಡಬೇಕು. ಡ್ರಮ್ಮಿನಡಿ ಮೇಜಿದ್ದರೆ, ಲೇತ್ ಮಾಮೂಲಿ ದಿಕ್ಕಿನಲ್ಲಿ ತಿರುಗುತ್ತಿದ್ದರೆ, ಹಲಗೆ ಹಿಂದಿನಿಂದ ಮುಂದಕ್ಕೆ ಬರಬೇಕು. ಬೇರೆ ದಾರಿ ಇಲ್ಲ.

ಕಡಗೋಲು:
ಗೊರಡು ಅವರೇ, ಬರೆದದ್ದಕ್ಕೆ ತುಂಬ ಉಪಕಾರವಾಯಿತು. ಈಗಷ್ಟೇ ಹೋಗಿ ಬರಿಯ ಸರಳು ಹಾಕಿ ನಿಧಾನವಾಗಿ ಕೈಯಿಂದ ತಿರುಗಿಸಿ ನೋಡಿದೆ. ನೀವು ಹೇಳಿದಂತೆಯೇ. ಕಾಗದದ ಚಿತ್ರದಲ್ಲಿ ನಾನು ಬಾಣದ ಗುರುತನ್ನೇ ಹಾಕಿರಲಿಲ್ಲ.

ತೊಂದರೆ ಏನೆಂದರೆ ನನ್ನ ಲೇತ್ ಗೋಡೆಗೆ ಒಂದು ಮೊಳ ದೂರದಲ್ಲಿದೆ. ಹಿಂದೆ ನಿಂತು ತಳ್ಳಲು ಆಗುವುದಿಲ್ಲ. ಮೋಟಾರನ್ನು ಹಿಮ್ಮುಖ ತಿರುಗಿಸಬಹುದೇ?

ಮೂರು ದವಡೆ:
ಮೋಟಾರು ತಿರುಗಿಸಬಹುದು, ಅಪಾಯ ಬೇರೆ ಕಡೆಗಿದೆ. ಫೇಸ್‌ಪ್ಲೇಟೂ ಚಕ್ಕೂ ಸ್ಪಿಂಡಲ್‌ಗೆ ಮರೆಯಿಂದ (ತಿರುಪಿನ ಸುರುಳಿ ಗೆರೆಯಿಂದ) ಕೂತಿರುತ್ತವೆ. ಮಾಮೂಲಿ ದಿಕ್ಕಿನಲ್ಲಿ ಹೊರೆ ಬಿದ್ದಷ್ಟೂ ಆ ಮರೆ ಬಿಗಿಯಾಗುತ್ತದೆ, ಹಿಮ್ಮುಖದಲ್ಲಿ ಬಿಚ್ಚಿಕೊಳ್ಳುತ್ತದೆ. ನಿಮ್ಮ ಫೇಸ್‌ಪ್ಲೇಟಿನ ಕುತ್ತಿಗೆಯಲ್ಲಿ ಬಿಗಿಯುವ ಸಣ್ಣ ತಿರುಪು ಇದ್ದು, ಅದು ಕೂರಲು ಸ್ಪಿಂಡಲ್‌ನಲ್ಲಿ ತೋಡೂ ಇದ್ದರೆ ಮಾತ್ರ ಯೋಚಿಸಿ. ಇಲ್ಲದಿದ್ದರೆ ಬೇಡ.

ತೆಳುಹಲಗೆ:
ನಾನು ತಂತಿವಾದ್ಯ ಮಾಡುತ್ತೇನೆ. ಗಿಟಾರಿನ ಪಕ್ಕದ ಪಟ್ಟಿಗಳನ್ನು 2 ಮಿ.ಮೀ. ಹತ್ತಿರಕ್ಕೆ ಇಳಿಸುವುದು ಇಂಥದೇ ಡ್ರಮ್ಮಿನಲ್ಲಿ. ನನ್ನ ಲೇತೂ ಗೋಡೆಗೆ ಒತ್ತಿದೆ. ನಾನು ತಳ್ಳುವುದೇ ಇಲ್ಲ, ಎಳೆಯುತ್ತೇನೆ.

6 ಮಿ.ಮೀ. ಪ್ಲೈವುಡ್‌ನ ಉದ್ದನೆಯ ಒಂದು ಜಾರುಹಲಗೆ ಮಾಡಿಕೊಳ್ಳಿ. ಕೆಲಸದ ಹಲಗೆಯ ಉದ್ದದ ಎರಡು ಪಟ್ಟು, ಮೇಲೆ ಇನ್ನೊಂದು ಮೊಳ. ಅದರ ಹಿಂದಿನ ಅರ್ಧದ ಮೇಲೆ ಕೆಲಸದ ಹಲಗೆ ಕೂರುತ್ತದೆ, ಮುಂದಿನ ಅರ್ಧ ಡ್ರಮ್ಮಿನಡಿಯಿಂದ ನಿಮ್ಮ ಕಡೆಗೆ ಚಾಚಿರುತ್ತದೆ, ತುದಿಯಲ್ಲಿ ಹಿಡಿ. ಡ್ರಮ್ ಹಲಗೆಯನ್ನು ಹಿಂದಕ್ಕೆ ಒತ್ತುವುದರಿಂದ ಜಾರುಹಲಗೆಯ ಹಿಂಬದಿಯಲ್ಲಿ ಒಂದು ತಡೆಪಟ್ಟಿ ಬೇಕು. ಆ ಪಟ್ಟಿ ನಿಮ್ಮ ಕೊನೆಯ ದಪ್ಪಕ್ಕಿಂತ ತಗ್ಗಿರಲಿ, 3 ಮಿ.ಮೀ. ಬೇಕಾದರೆ ಪಟ್ಟಿ 2 ಮಿ.ಮೀ. ಜಾರುಹಲಗೆಯ ಮೈಗೆ ಒಂದು ತುಂಡು ಸ್ಯಾಂಡ್ ಪೇಪರನ್ನು ಮೊನೆ ಮೇಲಾಗಿ ಅಂಟಿಸಿದರೆ ಹಲಗೆ ಪಕ್ಕಕ್ಕೂ ಸರಿಯುವುದಿಲ್ಲ.

ಎಳೆದಂತೆಲ್ಲ ಕೈ ಡ್ರಮ್ಮಿನಿಂದ ದೂರ ಹೋಗುತ್ತದೆ. ಆಕಸ್ಮಾತ್ ಹಲಗೆ ತಪ್ಪಿಸಿಕೊಂಡರೂ ಅದು ಹಾರುವುದು ಹಿಂದಕ್ಕೆ, ನಿಮ್ಮ ಮೈಮೇಲಲ್ಲ. ಹಿಂದೆ ನಿಂತು ತಳ್ಳುವವರಿಗಾದರೆ ಅದು ಹೊಟ್ಟೆಗೇ ಬರುತ್ತದೆ, ಅವರು ಹಲಗೆಯ ಸಾಲಿನಿಂದ ಪಕ್ಕಕ್ಕೆ ಸರಿದು ನಿಲ್ಲಬೇಕು. ಒಂದು ನಿಯಮ ನಾನು ಎಂದೂ ಮುರಿಯುವುದಿಲ್ಲ: ಹಿಂಬದಿಯಲ್ಲಿ ಹಲಗೆ ಇಡುವಾಗ ಲೇತ್ ನಿಂತಿರಬೇಕು. ತಿರುಗುವ ಡ್ರಮ್ಮಿನ ಮೇಲಿಂದ ಕೈ ಚಾಚುವುದಿಲ್ಲ. ಒಂದೊಂದು ಸಲಕ್ಕೂ ನಿಲ್ಲಿಸಿ ಶುರು ಮಾಡಿದರೆ ನಿಧಾನವೇ, ಒಪ್ಪುತ್ತೇನೆ. ತುಂಬು ತೋಳಿನ ಅಂಗಿ, ಬಿಟ್ಟ ಕೂದಲು, ಕೈಗವಸು ಇವು ಲೇತ್‌ನ ಹತ್ತಿರ ಬೇಡ ಎಂದು ಬೇರೆ ಹೇಳಬೇಕಿಲ್ಲ.

ಗೊರಡು:
ತೆಳುಹಲಗೆ ಅಕ್ಕ, ಇದು ನನಗೆ ಆಗ ಗೊತ್ತಿದ್ದಿದ್ದರೆ! ನಾನು ಅಪಘಾತವಾದ ಮೇಲೆ ಬೇರೆ ರೀತಿಯಲ್ಲಿ ಕಟ್ಟಿದೆ. ಮೇಜನ್ನು ಡ್ರಮ್ಮಿನ ಮೇಲಕ್ಕೆ ತಂದೆ. ಮೇಜಿನಲ್ಲಿ ಉದ್ದಕ್ಕೆ ಸೀಳು, ಅದರಿಂದ ಡ್ರಮ್ ಕೂದಲೆಳೆಯಷ್ಟು ಮೇಲೆ ಕಾಣುತ್ತದೆ. ಮೇಲ್ಮೈ ನಮ್ಮ ಕಡೆಗೆ ಬರುವುದರಿಂದ ಮುಂದೆ ನಿಂತು ತಳ್ಳಿದರೆ ಸರಿಯಾಗಿ ಎದುರಾಗುತ್ತದೆ. ಹಲಗೆಯ ಮುಖ ಸಮವಾಗುವುದು ಚೆನ್ನಾಗಿ ಆಗುತ್ತದೆ. ಆದರೆ ದಪ್ಪ ಎಲ್ಲ ಕಡೆ ಒಂದೇ ಬರಲಿ ಎಂದರೆ ಇದರಲ್ಲಿ ಆಗದು. ಮೇಲಿನ ಮುಖಕ್ಕೂ ಡ್ರಮ್ಮಿಗೂ ಸಂಬಂಧವೇ ಇರುವುದಿಲ್ಲವಲ್ಲ. ಕಡಗೋಲು ಅವರಿಗೆ ದಪ್ಪವೇ ಮುಖ್ಯವಾದ್ದರಿಂದ ಅಕ್ಕ ಹೇಳಿದ್ದೇ ಸರಿ.

ಹಳೆಯ ಉಳಿ:
ಎಳೆಯುವ ಜಾರುಹಲಗೆ ಒಳ್ಳೆಯ ಉಪಾಯ. ನಾನು ಇಷ್ಟು ವರ್ಷ ಹಿಂದಿನಿಂದ ತಳ್ಳುತ್ತಿದ್ದೆ, ಬದಲಾಯಿಸುತ್ತೇನೆ.

ಇನ್ನು ಓರೆ ಮೇಜಿನ ಪ್ರಶ್ನೆ. ಇದು ತುಂಬ ಜನರಿಗೆ ಬರುವ ಅನುಮಾನ, ನನಗೂ ಬಂದಿತ್ತು. ಹಲಗೆ ಕೂತಿರುವುದು ಮೇಜಿನ ಮೇಲೆ, ಮೇಜು ಓರೆಯಾದರೆ ಹಲಗೆಯೂ ಅದರ ಜೊತೆಗೇ ಓರೆಯಾಗುತ್ತದೆ. ಸವೆತ ನಿರ್ಧಾರವಾಗುವುದು ಮೇಜಿನ ಮೈಯಿಂದ ಡ್ರಮ್ಮಿಗೆ ಇರುವ ಅತಿ ಹತ್ತಿರದ ಅಂತರದಿಂದ. ಡ್ರಮ್ ದುಂಡಗಿರುವುದರಿಂದ ಮೇಜು ಓರೆಯಾದರೆ ಆ ಹತ್ತಿರದ ಗೆರೆ ತುಸು ಹಿಂದೆಮುಂದೆ ಸರಿಯುತ್ತದೆ, ಅಷ್ಟೇ. ಹಲಗೆಯ ಉದ್ದಕ್ಕೂ ದಪ್ಪ ಒಂದೇ ಬರುತ್ತದೆ. ಕೆಡುವುದು ಯಾವಾಗ ಎಂದರೆ ಹಿಂಜ್‌ನ ಗೆರೆ ಡ್ರಮ್ಮಿನ ಅಕ್ಷಕ್ಕೆ ಸಮಾನಾಂತರ ಇಲ್ಲದಿದ್ದಾಗ. ಆಗ ಎಡದ ಅಂಚು ಒಂದು ದಪ್ಪ, ಬಲದ ಅಂಚು ಇನ್ನೊಂದು.

ಹಿಂಜ್ ಹಿಂಬದಿಗಿರಲಿ, ಬೋಲ್ಟ್ ನಿಮ್ಮ ಕಡೆಗಿರಲಿ. ಹಿಂಜ್‌ನಿಂದ ಡ್ರಮ್ಮಿಗೆ ಎಷ್ಟು ದೂರವೋ ಬೋಲ್ಟ್‌ಗೆ ಅದರ ಎರಡರಷ್ಟು ದೂರ ಕೊಡಿ. ಎಂ6 (6 ಮಿ.ಮೀ. ವ್ಯಾಸದ) ಬೋಲ್ಟಿನ ಮರೆಗಳ ನಡುವಿನ ಅಂತರ 1 ಮಿ.ಮೀ. ಒಂದು ಸುತ್ತಿಗೆ ಬೋಲ್ಟ್ 1 ಮಿ.ಮೀ. ಏರಿದರೆ ಡ್ರಮ್ಮಿನ ಕೆಳಗೆ ಮೇಜು ಏರುವುದು ಅರ್ಧ ಮಿ.ಮೀ. ಕಾಲು ಸುತ್ತಿಗೆ 0.12 ಮಿ.ಮೀ. ಆಯಿತು. ಒಂದು ಸಲಕ್ಕೆ ಅಷ್ಟೇ ಸಾಕು. ಬೋಲ್ಟಿನ ತಲೆಗೆ ಮರದ ಚಕ್ರ ಕೂರಿಸಿ ನಾಲ್ಕು ಗೆರೆ ಎಳೆದುಬಿಡಿ, ವರ್ನಿಯರ್ ಪದೇ ಪದೇ ಬೇಕಾಗುವುದಿಲ್ಲ. ಕಂಪನಕ್ಕೆ ಬೋಲ್ಟ್ ತಾನೇ ತಿರುಗದಂತೆ ಇನ್ನೊಂದು ನಟ್ ಬಿಗಿಯಿರಿ. ಮೇಜಿನ ಮೈ 18 ಮಿ.ಮೀ. ಪ್ಲೈವುಡ್ ಎರಡು ಪದರ, ಅಡಿಯಲ್ಲಿ ಎರಡು ಪಕ್ಕೆಲುಬು. ಮೇಜು ಬಾಗಿದರೆ ಹಲಗೆಯ ನಡುಭಾಗ ದಪ್ಪ ಉಳಿಯುತ್ತದೆ.

ಹೊಸ ಕೈ:
ಸರ್, ಪೇಪರ್ ಸುತ್ತುವುದು ಹೇಗೆ ಎಂದು ಯಾರೂ ಹೇಳಲಿಲ್ಲ. ನಾನು ಹಾಳೆಯನ್ನು ಹಾಗೇ ಸುತ್ತಿ ಅಂಟಿಸಿದೆ. ಜೋಡಿಸಿದ ಜಾಗದಲ್ಲಿ ಉಬ್ಬು ಬಂದು ಹಲಗೆಯ ಮೇಲೆ ಟಕಟಕ ಹೊಡೆಯುತ್ತದೆ.

ತೆಳುಹಲಗೆ:
ಉದ್ದಕ್ಕೆ ಜೋಡಿಸಿದ ಗೆರೆ ಪ್ರತಿ ಸುತ್ತಿಗೂ ಒಮ್ಮೆ ಇಡೀ ಅಗಲಕ್ಕೆ ಒಟ್ಟಿಗೆ ಬಡಿಯುತ್ತದೆ. ಅದಕ್ಕೇ ಪಟ್ಟಿಯನ್ನು ಬಳ್ಳಿಯ ಹಾಗೆ ಸುತ್ತುವುದು. ಬಟ್ಟೆ ಬೆನ್ನಿನ ಸುರುಳಿ ತೆಗೆದುಕೊಳ್ಳಿ, ಕಾಗದದ ಬೆನ್ನಿನದು ಹರಿಯುತ್ತದೆ.

ಇದರ ಲೆಕ್ಕ ನಾನು ಮೊದಲು ಮೂರು ಪಟ್ಟಿ ಹಾಳು ಮಾಡಿ ಕಲಿತದ್ದು. 100 ಮಿ.ಮೀ. ಡ್ರಮ್ಮಿನ ಸುತ್ತಳತೆ 314 ಮಿ.ಮೀ. ಪಟ್ಟಿಯ ಅಗಲ 75 ಮಿ.ಮೀ. ಇದ್ದರೆ, ಒಂದು ಸುತ್ತು ಮುಗಿಯುವಾಗ ಅಂಚಿಗೆ ಅಂಚು ಸರಿಯಾಗಿ ಕೂಡಲು ಪಟ್ಟಿ ಸುಮಾರು 14 ಡಿಗ್ರಿ ಓರೆಯಲ್ಲಿ ಹೋಗಬೇಕು. ಕೋನಮಾಪಕ ಹಿಡಿಯುವುದು ಬೇಡ. ಪಟ್ಟಿಯ ಒಂದು ಅಂಚಿನಲ್ಲಿ ತುದಿಯಿಂದ 305 ಮಿ.ಮೀ. ಗುರುತು ಮಾಡಿ, ಎದುರು ಅಂಚಿನ ಮೂಲೆಯಿಂದ ಆ ಗುರುತಿಗೆ ಓರೆಯಾಗಿ ಕತ್ತರಿಸಿ. ಕತ್ತರಿಸಿದ ಓರೆಯನ್ನು ಅಳೆದರೆ 314 ಬರಬೇಕು, ಅಂದರೆ ಡ್ರಮ್ಮಿನ ಸುತ್ತಳತೆಯೇ. ಆ ಓರೆಯ ಅಂಚು ಡ್ರಮ್ಮಿನ ತುದಿಯ ಸುತ್ತ ಸರಿಯಾಗಿ ಒಂದು ಸುತ್ತು ಕೂತರೆ ಉಳಿದ ಪಟ್ಟಿ ತಾನಾಗಿಯೇ ದಾರಿ ಹಿಡಿಯುತ್ತದೆ. ಇನ್ನೊಂದು ತುದಿಯ ಓರೆ ಇದಕ್ಕೆ ಸಮಾನಾಂತರ. 300 ಮಿ.ಮೀ. ಉದ್ದದ ಡ್ರಮ್ಮಿಗೆ ಎರಡೂ ತುದಿಯ ಓರೆ ಸೇರಿ ಪಟ್ಟಿ 1,560 ಮಿ.ಮೀ. ಬೇಕು, ಕೈಹಿಡಿತಕ್ಕೆ ಒಂದಿಷ್ಟು ಹೆಚ್ಚಿಟ್ಟು ಕತ್ತರಿಸಿ. ಡ್ರಮ್ ತಿರುಗಿಸಿ ಮುಗಿದ ಮೇಲೆ ನಿಜವಾದ ವ್ಯಾಸ ಅಳೆದು ಲೆಕ್ಕ ಹಾಕಬೇಕು, 98 ಆಗಿದ್ದರೂ ಸಂಖ್ಯೆ ಬದಲಾಗುತ್ತದೆ.

ಅಂಚಿನ ಮೇಲೆ ಅಂಚು ಹತ್ತಬಾರದು. ಕೂದಲೆಳೆಯಷ್ಟು ಸಂದು ಬಿಟ್ಟರೆ ಪರವಾಗಿಲ್ಲ, ಹತ್ತಿದರೆ ಹಲಗೆಯ ಮೇಲೆ ಗೀರು. ಎರಡೂ ತುದಿಯನ್ನು ನೂಲಿನ ಎಳೆಯಿರುವ ಪ್ಯಾಕಿಂಗ್ ಟೇಪಿನಲ್ಲಿ, ಹಲಗೆ ಹಾಯದ ಜಾಗದಲ್ಲಿ ಸುತ್ತಿ ಬಿಗಿಯಿರಿ. ದಿಕ್ಕು ಇಲ್ಲೂ ಮುಖ್ಯ: ಮೊದಲು ಅಂಟಿಸಿದ ತುದಿ ಮುಂದೆ ಓಡಬೇಕು, ಪಟ್ಟಿ ಅದರ ಹಿಂದೆ ಬರಬೇಕು. ಹಾಗಿದ್ದರೆ ಹಲಗೆ ಉಜ್ಜಿದಷ್ಟೂ ಪಟ್ಟಿ ಬಿಗಿಯಾಗುತ್ತದೆ.

ಕಡಗೋಲು:
ಅಕ್ಕ, ವೆಲ್ಕ್ರೋ ಬೆನ್ನಿನ ಪಟ್ಟಿ ಸುಲಭ ಅಲ್ಲವೇ? ಕಿತ್ತು ಬದಲಿಸಬಹುದು.

ತೆಳುಹಲಗೆ:
ಬದಲಿಸುವುದು ಸುಲಭ, ನಿಜ. ಆದರೆ ಅದು ಮೆತ್ತಗೆ. ಹಲಗೆಯ ತುದಿ ಬಂದಾಗ ಅದು ತಗ್ಗಿ ಎದ್ದು ಅಂಚನ್ನು ಉರುಟು ಮಾಡುತ್ತದೆ. ಮರದಲ್ಲಿ ಮೆದು ಪದರ, ಗಟ್ಟಿ ಪದರ ಇದ್ದರೆ ಮೆದುವನ್ನು ಹೆಚ್ಚು ತಿಂದು ಅಲೆ ಅಲೆಯಾಗುತ್ತದೆ. ದಪ್ಪ ಅಳತೆಗೆ ಬೇಕಿದ್ದರೆ ಗಟ್ಟಿ ಡ್ರಮ್ಮಿಗೆ ನೇರವಾಗಿ ಸುತ್ತಿ.

ಮೂರು ದವಡೆ:
ವೇಗದ ಲೆಕ್ಕ ನನ್ನ ಪಾಲಿಗಿರಲಿ. 100 ಮಿ.ಮೀ. ಡ್ರಮ್ 1,250 ಆರ್‌ಪಿಎಂನಲ್ಲಿ ಓಡಿದರೆ ಅದರ ಮೈ ನಿಮಿಷಕ್ಕೆ 393 ಮೀಟರ್ ಹಾಯುತ್ತದೆ, ಸೆಕೆಂಡಿಗೆ ಆರೂವರೆ ಮೀಟರ್. ನಿಮ್ಮ ಅರ್ಧ ಎಚ್‌ಪಿಗೆ, ಮನೆಯ ಡ್ರಮ್ಮಿಗೆ ಇದು ಸಾಕು. ಇನ್ನೂ ಜೋರಾಗಿ ಓಡಿಸಿದರೆ ಬೇಗ ಸವೆಯುತ್ತದೆ ಎನಿಸುತ್ತದೆ, ಜೊತೆಗೆ ಮರ ಸುಡುತ್ತದೆ, ಅಂಟು ಮೆತ್ತಗಾಗುತ್ತದೆ.

ತೂಕದ ಸಮತೋಲ ಯಾರೂ ಎತ್ತಲಿಲ್ಲ. ಮಧ್ಯದಿಂದ 50 ಮಿ.ಮೀ. ದೂರದಲ್ಲಿ ಬರೀ 10 ಗ್ರಾಂ ಒಂದು ಕಡೆ ಹೆಚ್ಚಿದ್ದರೆ, 1,500 ಆರ್‌ಪಿಎಂನಲ್ಲಿ ಅದು 12 ನ್ಯೂಟನ್ ಬಲದಿಂದ ಸೆಳೆಯುತ್ತದೆ. ಒಂದೂಕಾಲು ಕಿಲೋ ತೂಕ ಸೆಕೆಂಡಿಗೆ ಇಪ್ಪತ್ತೈದು ಸಲ ದಿಕ್ಕು ಬದಲಿಸಿ ಎಳೆದ ಹಾಗೆ. ವೇಗ ಅರ್ಧಕ್ಕಿಳಿಸಿದರೆ ಬಲ ಕಾಲು ಭಾಗಕ್ಕಿಳಿಯುತ್ತದೆ. ಅದಕ್ಕೇ ಮೊದಲ ಸಲ ಅತಿ ಕಡಿಮೆ ಪುಲ್ಲಿಯಲ್ಲಿ ಶುರು ಮಾಡಿ. ಡ್ರಮ್ಮಿನ ಸರಳನ್ನು ಎರಡು ನುಣುಪಾದ ಸಮತಟ್ಟು ಪಟ್ಟಿಗಳ ಮೇಲೆ ಇಟ್ಟು ಬಿಡಿ. ಭಾರದ ಕಡೆ ಪ್ರತಿಸಲ ಕೆಳಗೆ ಬಂದು ನಿಂತರೆ ಆ ಕಡೆಯ ತುದಿಬಿಲ್ಲೆಯಲ್ಲಿ ಒಂದು ತೂತು ಕೊರೆದು ತೂಕ ಇಳಿಸಿ.

ನೆನಪಿರಲಿ, ಇದು ಮರದ ಲೇತ್‌ಗೆ. ಲೋಹದ ಲೇತ್‌ನಲ್ಲಿ ಮಾಡುವವರು ಬೆಡ್ಡನ್ನೂ ತಿರುಪುಸರಳನ್ನೂ ಪೂರ್ತಿ ಮುಚ್ಚದೆ ಶುರು ಮಾಡಬೇಡಿ. ಪೇಪರಿನಿಂದ ಉದುರುವ ಕಣ ಎಣ್ಣೆಗೆ ಸೇರಿದರೆ ಬೆಡ್ ಉಜ್ಜುವ ಲೇಪವಾಗುತ್ತದೆ. ಮುಗಿದ ಮೇಲೆ ಒರೆಸಿ, ಹೊಸ ಎಣ್ಣೆ ಹಾಕಬೇಕು.

ಗೊರಡು:
ಧೂಳಿನ ಬಗ್ಗೆಯೂ ಹೇಳಿಬಿಡುತ್ತೇನೆ. ಉಳಿಯಿಂದ ಬರುವುದು ಸಿಪ್ಪೆ, ನೆಲಕ್ಕೆ ಬೀಳುತ್ತದೆ. ಇದರಿಂದ ಬರುವುದು ಹಿಟ್ಟು, ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಎಂಡಿಎಫ್ ಬಿಲ್ಲೆಗಳನ್ನು ತಿರುಗಿಸುವಾಗಲೂ ಇದೇ ಗತಿ. ಎನ್95 ದರ್ಜೆಯ ಮಾಸ್ಕ್ ಇಲ್ಲದೆ ಸ್ವಿಚ್ ಹಾಕಬೇಡಿ. ಡ್ರಮ್ಮಿನ ಮೇಲೆ ಪ್ಲೈವುಡ್ ಮುಚ್ಚಿಗೆ ಮಾಡಿ, ಕೈಗೂ ಅದೇ ರಕ್ಷಣೆ. ತಳಭಾಗ ಹಿಂದಕ್ಕೆ ಓಡುವುದರಿಂದ ಧೂಳು ಹೋಗುವುದೂ ಹಿಂದಕ್ಕೇ. ವ್ಯಾಕ್ಯೂಮಿನ ಬಾಯಿ ಹಿಂಬದಿಯಲ್ಲಿ, ಮೇಜಿನ ಮಟ್ಟದಲ್ಲಿರಲಿ. ನಾನು ಮೊದಲು ಮೇಲೆ ಇಟ್ಟಿದ್ದೆ, ಅರ್ಧ ಧೂಳೂ ಹೋಗುತ್ತಿರಲಿಲ್ಲ.

ಕಡಗೋಲು:
ಮೂರು ವಾರ ಆಯಿತು. ಎಲ್ಲರಿಗೂ ವರದಿ ಒಪ್ಪಿಸಬೇಕು.

ಡ್ರಮ್ ಎಂಡಿಎಫ್ ಬಿಲ್ಲೆಯದೇ ಆಯಿತು, ತಿರುಗಿಸಿ ಮುಗಿಸಿದಾಗ 99.2 ಮಿ.ಮೀ. ಬಂತು. ಫೇಸ್‌ಪ್ಲೇಟಿನ ಪಿನ್ ಎಳೆಯುತ್ತದೆ, ಅಕ್ಷ ಸೆಂಟರ್‌ಗಳ ಮೇಲೆ. ಪಟ್ಟಿ ಸುತ್ತುವುದರಲ್ಲಿ ನಾನೂ ಒಂದನ್ನು ಹಾಳು ಮಾಡಿದೆ, ಓರೆಯನ್ನು ತಪ್ಪು ಅಂಚಿನಿಂದ ಕತ್ತರಿಸಿದ್ದೆ. ಜಾರುಹಲಗೆ ಅಕ್ಕ ಹೇಳಿದಂತೆಯೇ. ಮೊದಲ ಸಲ ಹಿಡಿ ಎಳೆದಾಗ ಡ್ರಮ್ ಹಲಗೆಯನ್ನು ಹಿಂದಕ್ಕೆ ಒತ್ತುವುದು ಕೈಗೆ ತಿಳಿಯಿತು. ಮುಂದಿನಿಂದ ತಳ್ಳಿದ್ದರೆ ಅದೇ ಬಲ ಏನು ಮಾಡುತ್ತಿತ್ತು ಎಂದು ಆಗ ಅರ್ಥವಾಯಿತು.

ಮೊದಲ ಹಲಗೆ ಎಡಕ್ಕೆ 3.1, ಬಲಕ್ಕೆ 3.4 ಮಿ.ಮೀ. ಬಂತು. ಹಿಂಜ್‌ನ ಬಲಬದಿಗೆ ತೆಳ್ಳಗಿನ ತಗಡು ಕೊಟ್ಟು ಎತ್ತಿದೆ. ಸುಧಾರಿಸಿತು, ಪೂರ್ತಿ ಹೋಗಲಿಲ್ಲ. ನಡುವೆಯೂ ಎಲ್ಲೋ ತುಸು ದಪ್ಪ ಉಳಿಯುತ್ತಿದೆ. ಇದಕ್ಕೇನು ಮಾಡಲಿ?

ಹಳೆಯ ಉಳಿ:
ತಗಡಿನಿಂದ ಇಷ್ಟೇ ಆಗುವುದು. ಈಗ ಸುತ್ತಿದ ಪಟ್ಟಿಯನ್ನು ಬಿಚ್ಚಿ. ಡ್ರಮ್ಮಿನಷ್ಟೇ ಅಗಲದ, ಚಪ್ಪಟೆಯೆಂದು ಅಳೆದು ನೋಡಿದ ಎಂಡಿಎಫ್ ಹಲಗೆಗೆ ಎಂಬತ್ತರ ಪೇಪರ್ ಅಂಟಿಸಿ. ಪೇಪರ್ ಮೇಲಾಗಿರಲಿ. ಅದನ್ನು ಮೇಜಿನ ಮೇಲೆ ಕ್ಲ್ಯಾಂಪ್ ಹಾಕಿ ಕೂರಿಸಿ, ಬರಿಯ ಡ್ರಮ್ಮನ್ನು ಓಡಿಸುತ್ತ ಮೇಜನ್ನು ಬೋಲ್ಟಿನ ಕಾಲು ಸುತ್ತಿಗಿಂತಲೂ ಕಡಿಮೆ ಏರಿಸುತ್ತ ಹೋಗಿ. ಡ್ರಮ್ಮಿನ ಮೈಮೇಲೆ ಮೊದಲೇ ಪೆನ್ಸಿಲಿನಲ್ಲಿ ಗೆರೆ ಎಳೆದಿರಿ, ಎಲ್ಲ ಗೆರೆ ಮಾಯವಾದಾಗ ಡ್ರಮ್ ಆ ಮೇಜಿಗೆ ಸಮಾನಾಂತರ ಆಗಿರುತ್ತದೆ. ಮೇಜು ಪ್ರಪಂಚದ ಲೆಕ್ಕಕ್ಕೆ ಓರೆಯಿದ್ದರೂ ಚಿಂತೆಯಿಲ್ಲ, ಡ್ರಮ್ಮಿಗೂ ಮೇಜಿಗೂ ಹೊಂದಿದರೆ ಆಯಿತು. ಆಮೇಲೆ ಟೇಲ್‌ಸ್ಟಾಕ್ ಎಲ್ಲಿ ನಿಂತಿದೆ, ಮೇಜು ಎಲ್ಲಿದೆ ಎಂದು ಬೆಡ್‌ನ ಮೇಲೆ ಗುರುತು ಹಾಕಿ, ಪ್ರತಿಸಲ ಅಲ್ಲಿಗೇ ತಂದು ನಿಲ್ಲಿಸಿ.

ಕಡಗೋಲು:
ಉಳಿ ಸರ್, ಮಾಡಿದೆ. ಧೂಳು ಹೆಚ್ಚು, ಕೆಲಸ ಅರ್ಧ ಗಂಟೆಯದು. ಡ್ರಮ್ 98.6ಕ್ಕೆ ಇಳಿಯಿತು, ಹಾಗಾಗಿ ಪಟ್ಟಿಯನ್ನು ಹೊಸ ಅಳತೆಗೆ ಮತ್ತೆ ಕತ್ತರಿಸಿದೆ. ಈಗ 220 ಮಿ.ಮೀ. ಅಗಲದ ಹಲಗೆಯಲ್ಲಿ ಒಂಬತ್ತು ಕಡೆ ಅಳೆದೆ: ಅತಿ ಕಡಿಮೆ 3.02, ಅತಿ ಹೆಚ್ಚು 3.07. ಇಷ್ಟು ನಾನು ನಿರೀಕ್ಷಿಸಿರಲಿಲ್ಲ.

ಒಂದು ತೊಂದರೆ ಉಳಿದಿದೆ. ಅಂಟುರಸ ಇರುವ ಮರ ಹಾಕಿದಾಗ ಪೇಪರಿನ ಮೇಲೆ ಕಪ್ಪು ಗೆರೆ ಕಟ್ಟಿ, ಹಲಗೆಯ ಮೇಲೆ ಅದೇ ಜಾಗದಲ್ಲಿ ಸುಟ್ಟ ಗೆರೆ ಬರುತ್ತದೆ.

ತೆಳುಹಲಗೆ:
ಅಂಥ ಮರಕ್ಕೆ ನೂರಿಪ್ಪತ್ತರಿಂದ ಶುರು ಮಾಡಬೇಡಿ, ಎಂಬತ್ತರಿಂದ ಮಾಡಿ. ಎಂಬತ್ತರ ಕಣ ಸುಮಾರು 200 ಮೈಕ್ರಾನ್, ನೂರಿಪ್ಪತ್ತರದು 125. ಕಣಗಳ ನಡುವೆ ಜಾಗ ಹೆಚ್ಚಿದ್ದಷ್ಟೂ ಪುಡಿ ಹಿಡಿದು ಹೊರಗೆ ಹಾಕುತ್ತದೆ. ಅಳತೆಗೆ 0.2 ಮಿ.ಮೀ. ಉಳಿದಾಗ ನುಣ್ಣನೆಯ ಪಟ್ಟಿಗೆ ಬದಲಿಸಿ. ಎಳೆಯುವಾಗ ನಡುವೆ ನಿಲ್ಲಬೇಡಿ, ನಿಂತ ಜಾಗದಲ್ಲಿ ತಗ್ಗು ಬೀಳುತ್ತದೆ, ಸುಡುವುದೂ ಅಲ್ಲೇ. ಹಲಗೆಯನ್ನು ತುಸು ಓರೆಯಾಗಿ ಇಟ್ಟು ಎಳೆದರೆ ಒಂದೇ ಗೆರೆಯ ಮೇಲೆ ಹೊರೆ ಬೀಳುವುದಿಲ್ಲ. ಕಟ್ಟಿಕೊಂಡ ಕಪ್ಪಿಗೆ ರಬ್ಬರ್ ಕಡ್ಡಿ ಸಿಗುತ್ತದೆ, ಡ್ರಮ್ ಓಡುವಾಗ ಅದನ್ನು ಮುಚ್ಚಿಗೆಯ ಹೊರಗಿನಿಂದ ಉದ್ದನೆಯ ಹಿಡಿಗೆ ಕಟ್ಟಿ ಒತ್ತಿ. ಗಟ್ಟಿಯಾಗಿ ಸುಟ್ಟಿದ್ದರೆ ಹೋಗುವುದಿಲ್ಲ, ಪಟ್ಟಿಯನ್ನು ಬಿಚ್ಚಿ ಬದಲಿಸುವುದೇ ಒಳ್ಳೆಯದು.

ಹೊಸ ಕೈ:
ಕಡಗೋಲು ಅಣ್ಣ, ನಾನೂ ಶುರು ಮಾಡಿದ್ದೇನೆ. ಬಿಲ್ಲೆಗಳನ್ನು ಅಂಟಿಸಿ ಆಯಿತು. ಬಳಸದ ದಿನಗಳಲ್ಲಿ ಡ್ರಮ್ಮನ್ನು ಹೇಗೆ ಇಡುತ್ತೀರಿ? ಲೇತ್‌ನಲ್ಲೇ ಬಿಟ್ಟರೆ ನನಗೆ ಬೇರೆ ಕೆಲಸ ನಡೆಯುವುದಿಲ್ಲ.

ಕಡಗೋಲು:
ಸರಳಿನ ತುದಿಗೆ ಹುರಿ ಕಟ್ಟಿ ಗೋಡೆಯ ಮೊಳೆಗೆ ನೇತು ಹಾಕಿದ್ದೇನೆ. ಅಡ್ಡ ಮಲಗಿಸಿದರೆ ಪೇಪರ್ ಒಂದು ಕಡೆ ಒತ್ತಿ ಮಡಿಕೆ ಬೀಳುತ್ತದೆ. ಎಂಡಿಎಫ್ ತೇವ ಹೀರುತ್ತದೆ, ಅದಕ್ಕೆ ಎರಡು ತುದಿಗೂ ಪಟ್ಟಿ ಸುತ್ತುವ ಮೈಗೂ ಎರಡು ಕೈ ವಾರ್ನಿಶ್ ಬಳಿದು ಒಣಗಿಸಿದ್ದೇನೆ. ಮೈಗೆ ಬಳಿದದ್ದು ಟೇಪ್ ಸಲೀಸಾಗಿ ಬಿಡಿಸಲೂ ಅನುಕೂಲವಾಯಿತು. ಡ್ರಮ್ಮಿನ ಎಡತುದಿಗೆ ಕೆಂಪು ಬಣ್ಣದಲ್ಲಿ ತಿರುಗುವ ದಿಕ್ಕಿನ ಬಾಣ ಬರೆದಿದ್ದೇನೆ, ಅದೇ ಬಾಣ ಮೇಜಿನ ಮೇಲೂ ಇದೆ, ಹಲಗೆ ಬರಬೇಕಾದ ದಿಕ್ಕಿಗೆ. ನೀವೂ ಅಂಟು ಒಣಗುವ ಮೊದಲೇ ಅದನ್ನು ಬರೆದುಬಿಡಿ.